ಬಸವನಹುಳು ಒಪ್ಪಬೇಕು

ಬಕೆಟ್ ಅಕ್ಕನ ಅಂಗಡಿಗೆ ಬಂದವರು ಮೊದಲು ಎಡವುತ್ತಿದ್ದದ್ದು ಬಕೆಟ್ಟಿಗೇ. ಬಾಗಿಲಿನಿಂದ ಮೇಜಿನವರೆಗೆ ಗೋಡೆಗುಂಟ ಬಿಳಿ ಬಕೆಟ್ಟುಗಳ ಸಾಲು. ಪ್ರತಿಯೊಂದರಲ್ಲೂ ಉಪ್ಪುನೀರು, ತಳದಲ್ಲಿ ಒಂದು ಕಲ್ಲೋ ಚಿಪ್ಪೋ ಆಟಿಕೆಯ ಕೋಟೆಯೋ, ಅದರ ಮೇಲೆ ಊರಿಗೆ ಮುಂಚೆ ಎದ್ದು ಊರೆಲ್ಲ ಮಲಗಿದ ಮೇಲೆ ತಲುಪುವವನ ಹಾಗೆ ಹೊರಟ ಒಂದು ಬಸವನಹುಳು. ಎಡಕ್ಕೆ ಫೋಟೋಗೆ ಕಟ್ಟು ಹಾಕುವವನ ಅಂಗಡಿ, ಬಲಕ್ಕೆ ಹೊಲಿಗೆಯಂಗಡಿ. ನಡುವಿನ ಆ ಇಕ್ಕಟ್ಟಿನಲ್ಲಿ ಅವಳು ಮೀನು ಮಾರುತ್ತಿರಲಿಲ್ಲ. ಮೀನಿನ ತೊಟ್ಟಿಯೊಳಗಿಡುವ ಅಲಂಕಾರ ಮಾತ್ರ ಮಾರುತ್ತಿದ್ದಳು. ಅದೂ ಸಮುದ್ರದ ನೀರಿನ ತೊಟ್ಟಿಗೆ, ಮತ್ತೆ ಹೊಳೆ ಸಮುದ್ರ ಸೇರುವ ಕಡೆ ಇರುತ್ತದಲ್ಲ, ಆ ಅರೆ ಉಪ್ಪಿನ ಸವಳು ನೀರಿನ ತೊಟ್ಟಿಗೆ.

ಅವಳದು ಒಂದೇ ಕಟ್ಟಳೆ. ಯಾವ ವಸ್ತುವಾದರೂ ಸರಿ, ಒಂದು ತಿಂಗಳು ಬಕೆಟ್ಟಿನಲ್ಲಿ ಬಸವನಹುಳುವಿನ ಜೊತೆ ನೆನೆಯಬೇಕು. ಹುಳು ಲವಲವಿಕೆಯಿಂದಿದ್ದು, ಕೊನೆಗೆ ಮೀನಿಗೆ ತರಚುವ ಒರಟು ಎಲ್ಲೂ ಸಿಗದಿದ್ದರೆ ಪಾಸು. ಮಧ್ಯೆ ವಸ್ತುವನ್ನು ಉಜ್ಜಿದರೆ, ಕೆತ್ತಿದರೆ, ತಿಂಗಳು ಮತ್ತೆ ಮೊದಲಿಂದ.

ಗಿರಾಕಿಗಳಿಗೆ ಅವಳು ಅಕ್ಕನಾದ ಮೇಲೆ ಅವಳ ಗಂಡ ತಾನಾಗಿ ಭಾವನಾದ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಆಯಸ್ಸು ಸವೆಸಿ ನಿವೃತ್ತನಾಗಿದ್ದರಿಂದ ಲೇತ್ ಭಾವ.

"ನನ್ನನ್ನ ಒಪ್ಪೋಕೆ ಮುಂಚೆ ಇವಳು ಎಷ್ಟು ದಿನ ನೆನೆ ಹಾಕಿದ್ಲು, ಕೇಳಿ," ಎಂದು ಅವನು ಗಿರಾಕಿಗಳ ಮುಂದೆ ಶುರು ಮಾಡುತ್ತಿದ್ದ.

"ಆಗ ನನ್ನ ಹತ್ರ ಬಸವನಹುಳು ಇರ್ಲಿಲ್ಲ. ಅದಕ್ಕೇ ನೀವು ಪಾಸಾದ್ರಿ," ಎನ್ನುತ್ತಿದ್ದಳು ಅವಳು, ತಲೆಯೆತ್ತದೆ.

ನಿವೃತ್ತನಾದವನಿಗೆ ಕೈ ಸುಮ್ಮನಿರುವುದಿಲ್ಲ. ಅಂಗಡಿಯ ಮುಂದುಗಡೆ, ಬೀದಿಗೆ ಕಾಣುವಂತೆ ಅವಳದೊಂದು ಸವಳು ನೀರಿನ ತೊಟ್ಟಿ ಇತ್ತು. ಜೇನುನೊಣದಂತೆ ಹಳದಿ-ಕಪ್ಪು ಪಟ್ಟೆಯ ಪುಟ್ಟ ಮೀನುಗಳು, ಗಾಜಿನಷ್ಟು ತಿಳಿಯಾದ ಸಿಗಡಿಗಳು, ಕಲ್ಲಿಗಂಟಿಕೊಂಡ ಬಸವನಹುಳುಗಳು. ಅದರೊಳಗೆ ತನ್ನ ಕೈಯಿಂದಾದ ಒಂದು ವಸ್ತು ಇರಬೇಕು ಎಂಬುದು ಅವನ ಆಸೆ. ಹೆಚ್ಚೇನಿಲ್ಲ, ಒಂದೇ ಒಂದು. ಅವಳು ದಿನವಿಡೀ ನೋಡುವ ಜಾಗದಲ್ಲಿ ತನ್ನದೂ ಏನಾದರೂ ಇರಲಿ ಎಂದು.

ಮೊದಲು ಕಬ್ಬಿಣದ ಪುಟ್ಟ ಲಂಗರು ಮಾಡಿ ತಂದ. ಅವಳು ಬಕೆಟ್ಟಿಗೆ ಇಳಿಸಿದಳು. ವಾರ ಕಳೆಯುವಷ್ಟರಲ್ಲಿ ನೀರು ಕೆಂಪಗಾಯಿತು.

"ರೀ, ಬನ್ನಿ. ಚಹಾ ರೆಡಿ."

"ಬಣ್ಣ ಬಳಿದು ಕೊಡ್ತೀನಿ, ತುಕ್ಕು ಹಿಡಿಯಲ್ಲ."

"ಬಣ್ಣ ಸಿಪ್ಪೆ ಎದ್ದು ಮೀನಿನ ಹೊಟ್ಟೆಗೆ ಹೋಗ್ಲಿ ಅಂತಲಾ?"

ಅವನು ಲಂಗರನ್ನು ಮನೆಗೆ ಒಯ್ದು ಬಾಗಿಲಿಗೆ ಒತ್ತಾಗಿಟ್ಟ. ಆಮೇಲೆ ಮರದ ದೋಣಿ ಕೆತ್ತಿದ. ಅದು ಬಣ್ಣ ಬಿಟ್ಟು ನೀರನ್ನು ಮಬ್ಬು ಮಾಡಿತು. ಚಂದದ ಚಿಪ್ಪುಗಳನ್ನು ಆರಿಸಿ ತಂದರೆ ಅವಳು ಒಂದೊಂದನ್ನೂ ಮೂಸಿ ನೋಡಿ, "ಒಳಗೆ ಸತ್ತದ್ದು ಇನ್ನೂ ಇದೆ," ಎಂದು ಪಕ್ಕಕ್ಕಿಟ್ಟಳು. ಬೇಸರವಿಲ್ಲ, ಕೊಂಕಿಲ್ಲ. ಮಗುವಿನ ಅಂಗಿಯ ಗುಂಡಿ ನೋಡುವವಳಂತೆ ನೋಡುತ್ತಿದ್ದಳು.

ಒಮ್ಮೆ ಅವಳು ತಂಗಿಯ ಮನೆಗೆ ಹೋಗಿ ತಿಂಗಳ ಮೇಲೆ ಉಳಿಯಬೇಕಾಯಿತು. ತಂಗಿಯ ಕಾಲು ಮುರಿದಿತ್ತು. ಅಂಗಡಿ ಲೇತ್ ಭಾವನ ಪಾಲಿಗೆ ಬಂತು. ಅವನು ಹಳೆಯ ಸ್ನೇಹಿತನ ಲೇತಿನಲ್ಲಿ ಹಿತ್ತಾಳೆಯ ದೀಪಸ್ತಂಭ ಕಡೆದು, ಕನ್ನಡಿಯಂತೆ ಹೊಳೆಸಿ, ಕಟ್ಟಳೆಯ ಪ್ರಕಾರವೇ ಬಕೆಟ್ಟಿಗೆ ಹಾಕಿದ. ಅಂದು ಬಸವನಹುಳುಗಳಿಗೆ ಬಿಡುವಿರಲಿಲ್ಲ, ಎಲ್ಲ ಬಕೆಟ್ಟುಗಳಲ್ಲೂ ಕೆಲಸದಲ್ಲಿದ್ದವು. ಹುಳುವಾದರೇನು, ಮೀನಾದರೇನು ಎಂದು ಒಂದು ಮೀನನ್ನು ಬಿಟ್ಟ. ಮೀನು ತಿಂಗಳಿಡೀ ಮದುಮಗನ ಹಾಗೆ ಠೀವಿಯಿಂದ ಓಡಾಡಿಕೊಂಡಿತ್ತು. ಅವನು ದೀಪಸ್ತಂಭವನ್ನು ಮುಂದಿನ ತೊಟ್ಟಿಯಲ್ಲಿ ನಿಲ್ಲಿಸಿ, ಬೀದಿಗಿಳಿದು, ಹೊಲಿಗೆಯವನನ್ನೂ ಕರೆದು ತೋರಿಸಿದ.

ಅವಳು ಮರಳಿ ಬರುವಷ್ಟರಲ್ಲಿ ಸಿಗಡಿ ಒಂದೂ ಉಳಿದಿರಲಿಲ್ಲ. ಬಸವನಹುಳುಗಳು ಗಾಜಿನಿಂದ ಕಳಚಿ ತಳದಲ್ಲಿ ಮಗುಚಿ ಬಿದ್ದಿದ್ದವು. ಮೀನುಗಳು ಮಾತ್ರ ಏನೂ ಆಗದವರಂತೆ ಈಜುತ್ತಿದ್ದವು.

ಅವಳು ಚೀಲ ಕೆಳಗಿಟ್ಟು, ತೋಳೇರಿಸಿ, ದೀಪಸ್ತಂಭವನ್ನು ಹೊರಗೆ ತೆಗೆದಳು. ಅವನು ಬಯ್ಗುಳಕ್ಕೆ ತಲೆಕೊಟ್ಟು ನಿಂತಿದ್ದ.

"ಬಕೆಟ್ಟಲ್ಲಿ ಯಾರನ್ನ ಬಿಟ್ಟಿದ್ರಿ?"

"ಮೀನು."

"ಮೀನನ್ನ ಕೇಳಿದ್ರೆ ಮೀನಿನ ಸುದ್ದಿ ಹೇಳುತ್ತೆ. ಹಿತ್ತಾಳೇಲಿ ತಾಮ್ರ ಇರುತ್ತಲ್ಲ, ಅಷ್ಟನ್ನ ಮೀನು ತಡಕೊಳ್ಳುತ್ತೆ. ಸಿಗಡಿಗೆ, ಹುಳುಗೆ ಅದು ವಿಷ. ಬಡವನ್ನ ಕೇಳಬೇಕು ರೀ, ಮನೆ ಹೇಗಿದೆ ಅಂತ."

ಅಷ್ಟೇ. ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಮರಳನ್ನೂ ಎಸೆದು, ಇಬ್ಬರೂ ಸೇರಿ ಹೊಸದಾಗಿ ಕಟ್ಟಿದರು. ನೀರು ಹೊರುವಾಗ ಅವನು, "ಇನ್ನು ನಾನು ಏನೂ ಮಾಡಲ್ಲ ಬಿಡು," ಎಂದ. ಅವಳು ನಿಂತು ಅವನ ಮುಖ ನೋಡಿದಳು.

"ಮಾಡಿ. ಬೇಕು ನಂಗೆ. ಆದರೆ ಪಾಸಾಗೋ ಅಂಥದ್ದು ಮಾಡಿ."

ಆ ಒಂದು ಮಾತಿನ ಬಲದ ಮೇಲೆ ಲೇತ್ ಭಾವ ಹೂಕುಂಡ ಮಾಡುವವನ ಬಳಿ ಹೋಗಿ ಕೂತ. ಲೋಹ ಬಲ್ಲ ಕೈಗೆ ಜೇಡಿಮಣ್ಣು ಮಾತು ಕೇಳಲಿಲ್ಲ. "ಹಿಡಿತ ಸಡಿಲ ಬಿಡಿ, ಇದು ಬೋಲ್ಟಲ್ಲ," ಎಂದು ಕುಂಡದವನು ನಗುತ್ತಿದ್ದ. ಎಷ್ಟೋ ಕುಸಿದ ಮೇಲೆ ಒಂದು ಕಮಾನು ನಿಂತಿತು: ಮಗುವಿನ ಮುಷ್ಟಿ ತೂರುವಷ್ಟು ಬಾಯಿ, ಹೊಳಪಿನ ಲೇಪವಿಲ್ಲ, ಬಣ್ಣವಿಲ್ಲ, ಬರೀ ಸುಟ್ಟ ಮಣ್ಣು. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಉಗುರಿನಿಂದ ತಟ್ಟಿ ಸದ್ದು ಕೇಳಿದಳು. ಎಂದೂ ಆಡದ ಒಂದು ಮಾತು ಆಡಿದಳು.

"ಚೆನ್ನಾಗಿದೆ."

ಬಕೆಟ್ಟಿಗೆ ಅವಳೇ ಇಳಿಸಿದಳು. ಇದ್ದುದರಲ್ಲಿ ಚುರುಕಾದ ಹುಳುವನ್ನು ಆರಿಸಿ ಬಿಟ್ಟಳು.

ಆ ತಿಂಗಳು ಮುಗಿಯುವ ಮೊದಲು ಅವಳು ಹೋದಳು. ಎದೆಯಲ್ಲಿ ಕಫ ಕಟ್ಟಿದೆ ಎಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ. ಕೊನೆಯ ಸಲ ಮಾತಾಡಿದಾಗಲೂ ಕೇಳಿದ್ದು, "ಹುಳು ಹೇಗಿದೆ?" ಎಂದು. "ಕಮಾನಿನ ಮೇಲೇ ಇದೆ," ಎಂದ ಅವನು. ಅವಳು ತೃಪ್ತಿಯಿಂದ ಕಣ್ಣು ಮುಚ್ಚಿದಳು. ಅವಳು ಹೋದ ಬಗ್ಗೆ ಹೇಳುವಂಥದ್ದು ಇಷ್ಟೇ.

ಕೆಲವು ದಿನಗಳ ಮೇಲೆ ಅವಳ ತಂಗಿ ಅಂಗಡಿಗೆ ಬಂದಳು. ಕಾಲು ಇನ್ನೂ ಸ್ವಲ್ಪ ಕುಂಟುತ್ತಿತ್ತು. ಬಕೆಟ್ಟಿನಲ್ಲಿ ಕಮಾನು ನೋಡಿ ಕಣ್ಣೊರೆಸಿಕೊಂಡಳು.

"ಭಾವ, ಇದನ್ನ ಇವತ್ತೇ ತೊಟ್ಟಿಗೆ ಇಡಿ. ಅಕ್ಕನ ನೆನಪಿಗೆ."

"ತಿಂಗಳಾಗಿಲ್ಲ ಕಣಮ್ಮ."

"ಇನ್ನು ಯಾರು ನೋಡ್ತಾರೆ, ಭಾವ?"

"ಸಿಗಡಿ ನೋಡುತ್ತೆ," ಎಂದ ಲೇತ್ ಭಾವ. ಅವಳು ಅಳುತ್ತಲೇ ನಕ್ಕಳು. ಅಕ್ಕನ ಬಾಯಲ್ಲಿ ಕೇಳಬೇಕಾದ ಮಾತು ಅದು.

ತಿಂಗಳು ತುಂಬಿತು. ಹುಳು ಆರೋಗ್ಯವಾಗಿತ್ತು. ಉಳಿದದ್ದು ಬಕೆಟ್ ಅಕ್ಕನ ಕೊನೆಯ ಪರೀಕ್ಷೆ. ಹಳೆಯ ನೈಲಾನ್ ಕಾಲುಚೀಲವನ್ನು ವಸ್ತುವಿನ ಮೈಮೇಲೆಲ್ಲ ಎಳೆಯುತ್ತಿದ್ದಳು. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಮೀನಿನ ರೆಕ್ಕೆಯೂ ಅಲ್ಲಿ ಹರಿಯುತ್ತದೆ ಎಂದು. "ನನ್ನ ಕೈಕೆಲಸ ನಿನ್ನ ಹರಕು ಕಾಲುಚೀಲದ ಮುಂದೆ ನಿಲ್ಲಬೇಕಾ?" ಎಂದು ರೇಗಿಸುತ್ತಿದ್ದವನು ಈಗ ಮೇಜಿನ ಖಾನೆಯಿಂದ ಅದೇ ಕಾಲುಚೀಲ ತೆಗೆದು ಎಳೆದ. ಹೊರಮೈ ನುಣುಪು. ಕಮಾನಿನ ಒಳಮೂಲೆಯಲ್ಲಿ, ಅವನ ದಪ್ಪ ಬೆರಳು ಮುಟ್ಟದ ಜಾಗದಲ್ಲಿ, ಎಳೆ ಟಕ್ಕನೆ ಸಿಕ್ಕಿಕೊಂಡಿತು.

ತಂಗಿ ಎದುರಿಗೇ ಇದ್ದಳು. ಅವನು ಮರ ನಯ ಮಾಡುವ ಉಪ್ಪುಕಾಗದವನ್ನು ಕಡ್ಡಿಗೆ ಸುತ್ತಿ ಆ ಮೂಲೆಯನ್ನು ಉಜ್ಜಿದ, ತೊಳೆದ, ಮತ್ತೆ ಬಕೆಟ್ಟಿಗೆ ಇಳಿಸಿದ. ಉಜ್ಜಿದ ಮೇಲೆ ತಿಂಗಳು ಮೊದಲಿಂದ. ಆ ರಾತ್ರಿ ಅವನಿಗೆ ಬಹಳ ದಿನಗಳ ನಂತರ ಒಳ್ಳೆಯ ನಿದ್ದೆ ಬಂತಂತೆ.

ಎರಡನೆಯ ತಿಂಗಳಲ್ಲಿ ಹುಳು ಕಮಾನಿನ ನೆತ್ತಿಯ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆಗಳನ್ನು ಇಟ್ಟಿತ್ತು. ಹುಳು ಮೊಟ್ಟೆ ಇಟ್ಟ ವಸ್ತುವಿಗೆ ಬಕೆಟ್ ಅಕ್ಕ ಕಾಲುಚೀಲ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳು, ಒಂದೂ ಉದುರಬಾರದೆಂದು. ತಿಂಗಳು ತುಂಬಿದ ದಿನ ಅವನೂ ಹಾಗೇ ಎಳೆದ. ಎಲ್ಲಿಯೂ ಸಿಕ್ಕಲಿಲ್ಲ.

ಕಮಾನು ಈಗ ಮುಂದಿನ ತೊಟ್ಟಿಯಲ್ಲಿದೆ. ಇಟ್ಟ ದಿನ ಪಟ್ಟೆಯ ಮೀನೊಂದು ಮೂಗು ತೂರಿಸಿ, ಹಿಂದೆ ಸರಿದು, ಮತ್ತೆ ಬಂದು ಒಳಗೆ ಕೂತಿತು. ಸಿಗಡಿಗಳು ಮೇಲೇರಿ ಪಾಚಿ ಹುಡುಕತೊಡಗಿದವು. ಅವಳು ಕೂರುತ್ತಿದ್ದ ಸ್ಟೂಲಿನಿಂದ ನೋಡಿದರೆ ಕಮಾನಿನ ಬಾಯಿ ನೇರ ಕಾಣುತ್ತದೆ. ಹಾಗೆ ಕಾಣಬೇಕೆಂದೇ ಅವನು ಅದನ್ನು ಎರಡು ಬಾರಿ ತಿರುಗಿಸಿ ಇಟ್ಟಿದ್ದ.

ಅದೇ ದಿನ ಒಬ್ಬ ಗಿರಾಕಿ ಬಂದ, ಕೈಯಲ್ಲಿ ಥಳಥಳಿಸುವ ಬಣ್ಣದ ಕೋಟೆ.

"ಭಾವ, ಇದು ಉಪ್ಪುನೀರಿಗೆ ಆಗುತ್ತಾ? ಇವತ್ತೇ ಇಡಬೇಕಿತ್ತು."

ಲೇತ್ ಭಾವ ಖಾಲಿಯಾದ ಬಕೆಟ್ಟನ್ನು ಸೋಪು ತಾಗಿಸದೆ ಬರೀ ನೀರಲ್ಲಿ ತೊಳೆದು, ಉಪ್ಪುನೀರು ತುಂಬಿ, ಕೋಟೆಯನ್ನು ಒಳಗಿಳಿಸಿದ.

"ಕೂತ್ಕೊಳ್ಳಿ," ಎಂದ. "ಮೊದಲು ಬಸವನಹುಳು ಒಪ್ಪಬೇಕು."