ಕಟ್ ಎಂದರೆ ಕಟ್ಟು

ನಾನು ಸಿನಿಮಾ ಮಾಡುತ್ತೇನೆ ಎಂದರೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ಹೀರೋ ಇಲ್ಲ, ಹಾಡಿಲ್ಲ, ಹತ್ತು ನಿಮಿಷಕ್ಕೆ ಮುಗಿದೇ ಹೋಗುತ್ತದೆ, ಅದೆಂಥ ಸಿನಿಮಾ ಎಂಬುದು ಶೇಂಗಾ ವ್ಯಾಪಾರ ಮಾಡುವ ಅಪ್ಪನ ಪ್ರಶ್ನೆ. ಮಂಡಕ್ಕಿ ಮಾರುವವರು, ಪಂಕ್ಚರ್ ಹಾಕುವವರು, ಇಂಥವರೇ ನನ್ನ ಸಿನಿಮಾದ ಜನ. ನನ್ನ ಬಳಿ ಇರುವುದು ಒಂದು ಫೋನು, ಒಂದು ಮೈಕು, ಗ್ಯಾರೇಜಿನ ಚಾಚಾ ಹಳೆಯ ಸೈಕಲ್ ಪೈಪು ಬೆಸೆದು ಮಾಡಿಕೊಟ್ಟ ಮೂರು ಕಾಲಿನ ಸ್ಟ್ಯಾಂಡು, ಜತೆಗೆ ಒಂದಿಷ್ಟು ಜಂಬ. ಆ ಜಂಬ ಇಳಿದದ್ದು ಮೊಳಕಾಲ್ಮೂರಿನಲ್ಲಿ.

ಅಲ್ಲಿ ರೇಷ್ಮೆ ಸೀರೆ ನೇಯುವ ಅಕ್ಕ ಒಬ್ಬರಿದ್ದರು. ಅವರ ಮೇಲೊಂದು ಸಿನಿಮಾ ಮಾಡಲು ಹೋಗಿದ್ದೆ. ಇಪ್ಪತ್ತೈದು ವರ್ಷ ಅವರು ನೇಯ್ದದ್ದೆಲ್ಲ ಅಂಗಡಿಯವರ ಸೀರೆ. ಮಗಳ ಮದುವೆಯ ಹೊತ್ತಿಗೂ ಮಗ್ಗದ ಮೇಲೆ ಯಾರದೋ ಸೀರೆ ಇತ್ತು. ಮಗಳು ಧಾರೆಗೆ ಕೂತದ್ದು ಪೇಟೆಯಿಂದ ತಂದ ಸೀರೆಯಲ್ಲಿ. ಈಗ ಆ ಮಗಳಿಗೆ ಏಳು ತಿಂಗಳು. ಶುಕ್ರವಾರ ಆಂಧ್ರದ ಗಡಿಯಾಚೆ ರಾಯದುರ್ಗದ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ತವರಿನಿಂದ ಒಯ್ಯುವ ಹಸಿರು ಸೀರೆಯನ್ನು ತಾನೇ ನೇಯ್ದು ಉಡಿಸಬೇಕೆಂದು ಅಕ್ಕ ಹಟ ಹಿಡಿದಿದ್ದರು.

"ಸೀರೆ ಮಾತ್ರ ತಡ ಆಗ್ಬಾರ್ದು ನೋಡು ತಂಗಿ. ಮಿಕ್ಕಿದ್ದು ಏನ್ ಬೇಕಾದ್ರೂ ತಕ್ಕೋ."

"ನಾನಿರೋದೇ ನಿಮಗೆ ಗೊತ್ತಾಗಲ್ಲ ಅಕ್ಕಾ" ಎಂದು ದೊಡ್ಡ ಮಾತು ಕೊಟ್ಟೆ.

ನನಗೊಂದು ಚಾಳಿಯಿದೆ. ತೆಗೆಯುವವಳೂ ನಾನೇ, ನಿಲ್ಲಿಸುವವಳೂ ನಾನೇ ಆದರೂ ಒಂದು ದೃಶ್ಯ ಮುಗಿದರೆ "ಕಟ್!" ಎಂದು ಜೋರಾಗಿ ಕೂಗದಿದ್ದರೆ ಸಮಾಧಾನವಿಲ್ಲ. ನಾನು ಹಾಗೆ ಕೂಗಿದಾಗಲೆಲ್ಲ ಅಕ್ಕನ ಲಾಳಿ ನಿಲ್ಲುತ್ತಿತ್ತು. ಅವರು ಮುಂದಕ್ಕೆ ಬಾಗಿ, ಈ ಅಂಚಿನಿಂದ ಆ ಅಂಚಿನವರೆಗೆ ಎಳೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿ, ಏನನ್ನೋ ಹುಡುಕಿ, ಮತ್ತೆ ನೇಯಲು ಕೂರುತ್ತಿದ್ದರು. ಆಹಾ, ಕೆಲಸದ ಮೇಲೆ ಎಂಥ ನಿಗಾ ಎಂದು ನಾನು ಹಿಗ್ಗಿ ಆ ಬೆರಳುಗಳನ್ನೇ ಹತ್ತಿರದಿಂದ ತೆಗೆದೆ. ತೆಗೆದು ಮತ್ತೆ "ಕಟ್!" ಎಂದೆ. ನಾಲ್ಕು ದಿನ ಹೀಗೇ ನಡೆಯಿತು.

ಬುಧವಾರ ಮಧ್ಯಾಹ್ನ ಅಕ್ಕ ಕೈಚೆಲ್ಲಿ ಕೂತರು. "ಯಾವ ಎಳೆ ತಾಯಿ ಅದು? ನಂಗೆ ಸಿಗ್ತಾನೇ ಇಲ್ಲ."

"ಯಾವ ಎಳೆ ಅಕ್ಕಾ?"

"ಕಟ್ಟು ಕಟ್ಟು ಅಂತ ನೀನೇ ಬಡ್ಕೊಂತೀಯಲ್ಲ! ನಿನ್ನ ಫೋನಿಗೆ ಎಲ್ಲಾ ದೊಡ್ಡದಾಗಿ ಕಾಣ್ತೈತೆ, ಎಲ್ಲೋ ಎಳೆ ಹರಿದಿರ್ಬೇಕು ಅಂತ ಹುಡುಕಿ ಹುಡುಕಿ ಸಾಕಾತು."

ಹರಿದ ಎಳೆ ಕಟ್ಟುವುದು ಮಗ್ಗದವರಿಗೆ ದಿನವಿಡೀ ಇದ್ದದ್ದೇ. ನಿಲ್ಲಿಸು ಎಂದು ನಾನು ಕೂಗಿದ್ದು ಅವರಿಗೆ ಜೋಡಿಸು ಎಂದು ಕೇಳಿಸಿತ್ತು. ವಿಷಯ ತಿಳಿಸಿದ ಮೇಲೆ ಅಕ್ಕ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಕೈಯಿಂದ ಅಳೆದು ನೋಡಿ "ಇನ್ನೂ ಮೂರು ಮೊಳ ಐತೆ" ಎಂದಾಗ ಇಬ್ಬರ ನಗುವೂ ನಿಂತಿತು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಒಬ್ಬ ತಾಯಿಯ ಒಂದಿಡೀ ದಿನದ ಕೆಲಸವನ್ನು ನನ್ನ ಒಂದು ಮಾತು ನುಂಗಿತ್ತು.

ಫೋನನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ರಾಟೆಯ ಮುಂದೆ ಕೂತೆ. ಲಾಳಿಯೊಳಗಿಡುವ ಪುಟ್ಟ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡುವ ಕೆಲಸ ನಾನು ವಹಿಸಿಕೊಂಡರೆ ಅಕ್ಕ ಮಗ್ಗದಿಂದ ಏಳಬೇಕಾಗಿರಲಿಲ್ಲ. ನನ್ನ ಮೊದಲ ಕಂಡಿಕೆ ನಡುವೆ ಉಬ್ಬಿಕೊಂಡಿತು. ಅಕ್ಕ ಅದನ್ನು ಎತ್ತಿ ಹಿಡಿದು "ಏನಮ್ಮಾ, ಇದಕ್ಕೂ ಏಳು ತಿಂಗಳಾ?" ಎಂದರು. ಹತ್ತನೆಯದು ಸುಮಾರಾಗಿತ್ತು. ಗುರುವಾರವೆಲ್ಲ ನಾನು ಸುತ್ತಿದೆ, ಅವರು ನೇಯ್ದರು. ನಡುವೆ ಸ್ಟ್ಯಾಂಡು ತಿರುಗಿ ಫೋನಿನಲ್ಲಿ ನನ್ನ ಬೆನ್ನೊಂದೇ ಬಿದ್ದಿದೆ ಎಂದು ಗೊತ್ತಾದಾಗ, ದೇವರಾಣೆ, ಬೇಸರವಾಗಲಿಲ್ಲ. ಶುಕ್ರವಾರ ಬೆಳಗಿನ ಬಿಸಿಲು ಒಳಗೆ ಬರುವ ಹೊತ್ತಿಗೆ ಸೀರೆ ಮಗ್ಗದಿಂದ ಇಳಿಯಿತು. ಹತ್ತು ಗಂಟೆಯ ಬಸ್ಸೂ ಸಿಕ್ಕಿತು.

ರಾಯದುರ್ಗದ ಮನೆಯಲ್ಲಿ ಮಗಳು ಹೊಸ ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ನಾನು ತೆಗೆಯುತ್ತಿದ್ದೆ. ಅತ್ತೆ ಮನೆಯ ಕಡೆಯ ಅಜ್ಜಿಯೊಬ್ಬರು ಸೆರಗು ಮುಟ್ಟಿ ನೋಡಿ, ಯಾವ ಅಂಗಡಿಯದು ಇದು ಎಂದು ತೆಲುಗಿನಲ್ಲಿ ಕೇಳಿದರು. ಆ ಹುಡುಗಿ ಕನ್ನಡದಲ್ಲೇ ಹೇಳಿದಳು: "ಅಂಗಡೀದಲ್ಲಜ್ಜಿ. ನಮ್ಮವ್ವ ನೇಯ್ದಿದ್ದು. ನಂಗಂತಾನೇ ನೇಯ್ದಿದ್ದು."

ಸುತ್ತ ಕಣ್ಣಾಡಿಸಿದೆ. ಅಕ್ಕ ಅಲ್ಲಿರಲಿಲ್ಲ. ಹಿತ್ತಲಲ್ಲಿ ಹೋಳಿಗೆ ತಟ್ಟುವವರ ಜತೆ ಕೂತಿದ್ದರು. ಓಡಿಹೋಗಿ ಫೋನು ಮುಂದೆ ಹಿಡಿದೆ. ನೋಡಿದರು. "ಇನ್ನೊಂದ್ಸಲ ಹಾಕು" ಎಂದರು, ಹಾಕಿದೆ. ಮೂರನೇ ಸಲ ಪರದೆಯನ್ನು ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡು ಕಿವಿಗೆ ಒತ್ತಿಕೊಂಡರು.

"ನಂಗಂತಾನೇ ಅಂದ್ಲಲ್ವಾ?"

"ಹೌದಕ್ಕಾ."

"ಮತ್ತೆ ಹಾಕು."