ಅತ್ತೆಯ ನಡಿಗೆ

ಮುಂಬಯಿಯಲ್ಲಿ ವರ್ಷಗಟ್ಟಲೆ ಬೇರೆಯವರ ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ಹುಲಿ, ಬೆಂಕಿ, ರಾಕ್ಷಸರನ್ನು ಮಾಡಿಕೊಟ್ಟ ಮೇಲೆ ಒಂದು ಆ್ಯನಿಮೇಶನ್ ಚಿತ್ರದ ನಿರ್ದೇಶನ ನನ್ನ ಕೈಗೆ ಬಂತು. ಕಥೆಯೂ ನನ್ನದೇ. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಊರೂರು ನಡೆಯುವ ಮುದುಕಿಯದು. ಮುಂಬಯಿಯ ಬಾಡಿಗೆ ತಾಳದೆ ನನ್ನ ಊರು ಸೊಲ್ಲಾಪುರಕ್ಕೆ ಮರಳಿ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಾದರ ನೇಯುವ ಕಾರ್ಖಾನೆಯ ಮೇಲಿನ ಹಾಲ್ ಹಿಡಿದೆ. ಕೆಳಗೆ ಮಗ್ಗ ಶುರುವಾದರೆ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು.

ಮುದುಕಿಯ ಮುಖ ಬೇಗ ಕೂಡಿಬಂತು, ನಡಿಗೆ ಬರಲಿಲ್ಲ. ನಡೆದರೆ ಬೆನ್ನು ಬಾಗಿಸಿಕೊಂಡ ಹುಡುಗಿಯಂತೆ ಕಾಣುತ್ತಿದ್ದಳು. ಕೊನೆಗೆ ಭಂಡಾರಕವಠೆ ಎಂಬ ಹಳ್ಳಿಗೆ ಹೋದೆ. ಅಲ್ಲಿ ನನ್ನ ಸೋದರತ್ತೆ ಗಂಡ ತೀರಿದ ಮೇಲೂ ತಾನೇ ಹೊಲ ಮಾಡಿಸುತ್ತಿದ್ದಳು. ನನ್ನ ನಡಿಗೆಯಲ್ಲಿ ಏನು ನೋಡುತ್ತೀ ಎಂದು ನಾಚಿಕೊಂಡರೂ ಬದುವಿನ ಮೇಲೆ ಹೋಗಿ ಬಂದಳು, ಮೊಬೈಲಿನಲ್ಲಿ ಹಿಡಿದುಕೊಂಡೆ. ಎಡಪಾದ ತುಸು ಹೊರಕ್ಕೆ, ಒಂದು ಕೈ ಸೊಂಟದ ಮೇಲೆ, ನಡುವೆ ನಿಂತು ಸೆರಗು ಸರಿಮಾಡಿಕೊಳ್ಳುವುದು. ಅದನ್ನೆಲ್ಲ ಕಂಪ್ಯೂಟರಿನ ಗೊಂಬೆಗೆ ಇಳಿಸಿದ ದಿನ ಜೊತೆಯ ಕೆಲಸಗಾರರು ತಮ್ಮ ಕೆಲಸ ಬಿಟ್ಟು ಬಂದು ನೋಡಿದರು.

ಮಳೆಗಾಲದಲ್ಲಿ ಹಣ ಹಾಕಿದ್ದ ಕಂಪನಿ ಕೈ ಬದಲಾಯಿತು. ಹೊಸಬರು ಫೋನಿನಲ್ಲಿ, ಮರಾಠಿಯಲ್ಲಿ, ಬಹಳ ಮೆತ್ತಗೆ ಚಿತ್ರ ನಿಲ್ಲಿಸಲು ಹೇಳಿದರು. ಮಾಡಿದ್ದೆಲ್ಲ ಅವರ ಸ್ವತ್ತು. ಜೊತೆಗಿದ್ದ ಹುಡುಗರು ಬೇರೆ ಕೆಲಸ ಹುಡುಕಿಕೊಂಡು ಪುಣೆಗೆ ಹೋದರು. ಅದೇ ಹೊತ್ತಿಗೆ ಅತ್ತೆ ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಪರೇಶನ್ ಆಯಿತು, ಏಳಲಾಗಲಿಲ್ಲ. ಅಕ್ಕಲಕೋಟದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಗ ಅವಳನ್ನು ತನ್ನ ಮನೆಗೆ ಕರೆದೊಯ್ದ.

ಸರ್ಕಾರಿ ಎಸ್‌ಟಿ ಬಸ್ ಹಿಡಿದು ನೋಡಲು ಹೋದೆ. ಸಿನಿಮಾ ಎಲ್ಲಿಗೆ ಬಂತೆಂದು ಕೇಳಿದಳು. ಲ್ಯಾಪ್‌ಟಾಪ್ ತೆಗೆದು ಗೊಂಬೆಯ ಆ ನಡಿಗೆಯ ವಿಡಿಯೊ ತೋರಿಸಿದೆ. ಅದು ಮುಗಿದೊಡನೆ ಪರದೆಯ ಮುದುಕಿ ಮೊದಲಿನಿಂದ ಮತ್ತೆ ಮತ್ತೆ ನಡೆಯುತ್ತಿದ್ದಳು. ಅತ್ತೆ ಕಣ್ಣು ಕದಲಿಸಲಿಲ್ಲ.

"ಎಲ್ಲಿಗಿ ಹೊಂಟೀನಿ?"

"ಎಮ್ಮಿ ಹುಡಕಾಕ, ಅತ್ತಿ."

"ಸಿಗತೈತೇನು?"

"ಅಲ್ಲೀತನಾ ಮಾಡಿಲ್ಲ. ಸಿನಿಮಾ ನಿಂತೈತಿ."

ಅತ್ತೆ ಪರದೆಯ ಕಡೆ ಬೆರಳು ಮಾಡಿದಳು.

"ಹಂಗಾರ ಆಕೀನ್ನ ಎಲ್ಲ್ಯರ ಕೂಡ್ರಸು, ಯವ್ವಾ. ಸುಮ್ಮನ ಯಾಕ ನಡಸ್ತಿ?"

ಕೂರಿಸಲು ನನ್ನ ಬಳಿ ಗೊಂಬೆಯೇ ಇರಲಿಲ್ಲ. ಉಳಿದದ್ದು ಆ ವಿಡಿಯೊ ಮಾತ್ರ, ಫೈಲುಗಳೆಲ್ಲ ಕಂಪನಿಯ ಪಾಲಾಗಿದ್ದವು. ಲ್ಯಾಪ್‌ಟಾಪ್ ಮುಚ್ಚಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಸೊಸೆ ಚಹಾ ತಂದಳು, ಕುಡಿದು ಎದ್ದೆ.

ಬೇಸಿಗೆಗೆ ಮೊದಲೇ ಅತ್ತೆ ತೀರಿಕೊಂಡಳು. ಕಾರ್ಖಾನೆಯ ಮೇಲಿನ ನನ್ನ ಹಾಲ್‌ನಲ್ಲಿ ಈಗ ನೂಲಿನ ಮೂಟೆಗಳಿವೆ. ನಾನು ಮನೆಯಲ್ಲೇ ಕುಳಿತು ಸೀರೆ ಅಂಗಡಿಗಳಿಗೆ, ಹೊಸ ಅಪಾರ್ಟ್‌ಮೆಂಟುಗಳಿಗೆ ಆ್ಯನಿಮೇಶನ್ ಜಾಹೀರಾತು ಮಾಡುತ್ತೇನೆ. ಅವುಗಳಲ್ಲಿ ಮುದುಕರು ಬೇಕಾಗುವುದು ಕಡಿಮೆ. ಬೇಕೆಂದರೆ ಅವರನ್ನು ನಡೆಸುವ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ.