ಓ ನೆಗೆಟಿವ್ ಹುಡುಗಿಗೆ ಬಂದ ಸಂಬಂಧ

ಹಳೇಬೀಡಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಾಗ ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ನಮ್ಮ ಮನೆ ಗಂಡಸಿಯಲ್ಲಿ. ಜಾತಕ ಕೂಡಿಬಂದಿತ್ತು. ಇಂಥ ಜೋಡಿ ಅಪರೂಪ ಎಂದು ಜೋಯಿಸರು ಹೇಳಿದ್ದರಿಂದ ಅಮ್ಮ ಕೇಸರಿಬಾತಿಗೆ ಎಂದಿಗಿಂತ ಹೆಚ್ಚು ದ್ರಾಕ್ಷಿ ಹಾಕಿದ್ದಳು.

ಗಂಡು ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ತಂದೆ ಇರಲಿಲ್ಲ. ಆ ಮನೆಯ ಮಾತೆಲ್ಲ ಅವನ ಸೋದರಮಾವನದು. ಅರವತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಪಂಚೆಯ ಯಜಮಾನರು. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಓದಿ ಆರೋಗ್ಯದ ವಿಷಯದಲ್ಲಿ ಪಂಡಿತರಾಗಿದ್ದರು. ಹುಡುಗಿಯ ರಕ್ತಪರೀಕ್ಷೆಯ ವರದಿ ಬೇಕೆಂದು ಮೊದಲೇ ಹೇಳಿಕಳಿಸಿದ್ದರು. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಾಂಬೂಲದ ತಟ್ಟೆಯ ಪಕ್ಕದಲ್ಲೇ ಇರಿಸಿದ್ದರು.

ಯಜಮಾನರು ಕನ್ನಡಕ ಏರಿಸಿ ಓದಿದರು. ಸಕ್ಕರೆ ಸರಿ, ಥೈರಾಯ್ಡ್ ಸರಿ. ಕೊನೆಯ ಸಾಲಿಗೆ ಬಂದಾಗ ಅವರ ಮುಖ ಬಾಡಿತು.

"ಎಲ್ಲಾ ಚೆನ್ನಾಗೈತೆ. ರಕ್ತ ಒಂದು ನೆಗೆಟಿವ್ ಐತಲ್ಲ."

ಅದು ರೋಗವಲ್ಲ, ಗುಂಪಿನ ಹೆಸರು ಎಂದೆ. ತರಗತಿಯಲ್ಲಿ ಹೇಳುವಂತೆಯೇ ಬಿಡಿಸಿ ಹೇಳಿದೆ. "ಕೆಂಪು ರಕ್ತಕಣದ ಮೇಲೆ ಒಂದು ಪ್ರೋಟೀನ್ ಇರುತ್ತೆ. ಕೆಲವರಿಗೆ ಅದು ಇರಲ್ಲ. ಇಲ್ಲದಿದ್ರೆ ನೆಗೆಟಿವ್ ಅಂತಾರೆ, ಅಷ್ಟೇ."

"ಅದೇ ಮತ್ತೆ. ಇರಬೇಕಾದ್ದು ಇಲ್ಲ ಅಂತಾನೇ ಅಲ್ವೇನಮ್ಮ ನಾನೂ ಹೇಳಿದ್ದು?"

ಗಂಡನದು ಪಾಸಿಟಿವ್ ಆಗಿದ್ದರೆ ಬಸುರಿನಲ್ಲಿ ಒಂದು ಇಂಜೆಕ್ಷನ್, ಹೆರಿಗೆಯಾದ ಮೇಲೆ ಬೇಕಾದರೆ ಇನ್ನೊಂದು, ತೊಂದರೆಯೇನೂ ಇಲ್ಲ ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು. ಯಜಮಾನರು ತಮ್ಮ ಅಕ್ಕನ ಕಡೆ, ಅಂದರೆ ಹುಡುಗನ ತಾಯಿಯ ಕಡೆ ತಿರುಗಿದರು. "ನಮ್ಮ ವಂಶದಲ್ಲಿ ಯಾರಾದ್ರೂ ಇಂಜೆಕ್ಷನ್ ತಗಂಡು ಹೆತ್ತವ್ರಾ?" ಆಕೆ ಇಲ್ಲವೆಂದು ತಲೆಯಾಡಿಸಿದರು. ಹುಡುಗ ತಟ್ಟೆಯಲ್ಲಿ ದ್ರಾಕ್ಷಿ ಆರಿಸುತ್ತಿದ್ದ. ತಿಳಿಸುತ್ತೇವೆ ಎಂದು ಎದ್ದುಹೋದರು.

ನಮ್ಮ ಮನೆಯಲ್ಲಿ ಸೂತಕದ ಕಳೆ ಬಂತು. ಮಾರನೆಯ ದಿನದಿಂದ ಅಮ್ಮ ನನಗೆ ಬೀಟ್‌ರೂಟ್ ಪಲ್ಯ, ಖರ್ಜೂರ, ದಾಳಿಂಬೆ ತಿನ್ನಿಸತೊಡಗಿದಳು. ರಕ್ತ ಕೆಂಪಗಾದರೆ ಪಾಸಿಟಿವ್ ಆಗಬಹುದೆಂದು ಅವಳ ಲೆಕ್ಕ. ಹದಿನೈದು ದಿನ ಕಳೆದ ಮೇಲೆ ಅಪ್ಪ ನನ್ನನ್ನು ಅರಸೀಕೆರೆಯ ಇನ್ನೊಂದು ಲ್ಯಾಬಿಗೆ ಕರೆದುಕೊಂಡು ಹೋದರು. ಅಲ್ಲೂ ಓ ನೆಗೆಟಿವ್ ಎಂದೇ ಬಂತು. ಅಪ್ಪ ಲ್ಯಾಬಿನವನ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು. "ಒಂದು ಅಡ್ಡಗೆರೆ ಹಾಕಿದೀರಲ್ಲ, ಅದರ ಮೇಲೆ ಇನ್ನೊಂದು ಉದ್ದಗೆರೆ ಎಳೆದ್ರೆ ಪ್ಲಸ್ ಆಗಲ್ವಾ ಸಾರ್?"

ನನಗೆ ನಗು ಬರಲಿಲ್ಲ. ಮನೆಯ ಹೆಂಚಿನಿಂದ ಹಿಡಿದು ನನ್ನ ಓದಿನವರೆಗೆ ಯಾವುದರ ಬಗ್ಗೆಯೂ ಯಾರ ಮುಂದೆಯೂ ಸುಳ್ಳು ಹೇಳದ ಮನುಷ್ಯ ಅವರು. ವರದಿಯನ್ನು ಮಡಿಸಿ ನನ್ನ ಚೀಲದಲ್ಲಿಟ್ಟುಕೊಂಡೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಾಸನದ ರಕ್ತನಿಧಿಯಿಂದ ಫೋನ್ ಬಂತು. ಕಾಲೇಜಿನಲ್ಲಿದ್ದಾಗ ಶಿಬಿರದಲ್ಲಿ ರಕ್ತ ಕೊಟ್ಟಿದ್ದೆ, ನಂಬರ್ ಅವರ ಪಟ್ಟಿಯಲ್ಲಿತ್ತು. ಒಬ್ಬ ರೋಗಿಗೆ ಓ ನೆಗೆಟಿವ್ ತುರ್ತಾಗಿ ಬೇಕು, ಸ್ಟಾಕ್ ಇಲ್ಲ, ಬರುತ್ತೀರಾ ಎಂದರು. ಹೆಡ್‌ಮೇಡಂಗೆ ರಜೆ ಹೇಳಿ ಬಸ್ಸು ಹತ್ತಿದೆ. ಅಲ್ಲಿ ಬಾಗಿಲಲ್ಲೇ ನಿಂತಿದ್ದವನು ದ್ರಾಕ್ಷಿ ಆರಿಸಿದ ಹುಡುಗ. ನನ್ನನ್ನು ನೋಡಿ ಗೋಡೆಗೆ ಒರಗಿದ.

"ಮಾವನಿಗೇ ಬೇಕಾಗಿರೋದು ಮೇಡಂ. ಮಂಡಿ ನೋವಿಗೆ ಮಾತ್ರೆ ನುಂಗಿ ನುಂಗಿ ಹೊಟ್ಟೇಲಿ ಹುಣ್ಣಾಗಿತ್ತು. ನಿನ್ನೆಯಿಂದ ರಕ್ತ ಕಾರ್ತಾವ್ರೆ."

"ಅವರದು ಯಾವ ಗುಂಪು?"

"ಓ ನೆಗೆಟಿವ್." ಅವನು ನೆಲ ನೋಡಿದ. "ನಮಗೂ ಇವತ್ತೇ ಗೊತ್ತಾಗಿದ್ದು."

ಒಂದು ಕ್ಷಣ ನನ್ನ ಮನಸ್ಸು ಕೆಟ್ಟದ್ದನ್ನು ಯೋಚಿಸಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬೇರೆ ಗುಂಪಿನವರ ರಕ್ತ ಓ ನೆಗೆಟಿವ್‌ನವರಿಗೆ ಕೂಡಿಬರುವುದಿಲ್ಲ. ಎಲ್ಲರಿಗೂ ಕೊಡಬಹುದಾದ ನಾವು, ನಮ್ಮಂಥವರಿಂದ ಮಾತ್ರ ತೆಗೆದುಕೊಳ್ಳಬೇಕು. ಒಳಗೆ ಹೋಗಿ ಮಲಗಿ ತೋಳು ಚಾಚಿದೆ. ಲ್ಯಾಬಿನ ಹುಡುಗಿ ನನ್ನ ರಕ್ತವನ್ನೂ ಯಜಮಾನರ ರಕ್ತವನ್ನೂ ಬೆರೆಸಿ ನೋಡಿ, "ಮ್ಯಾಚ್ ಆಯ್ತು ಮೇಡಂ" ಎಂದಳು. ನನ್ನ ಜೀವನದಲ್ಲಿ ಯಾರ ತಕರಾರೂ ಇಲ್ಲದೆ ಕೂಡಿಬಂದ ಮೊದಲ ಸಂಬಂಧ ಅದು.

ಯಜಮಾನರು ಬದುಕಿದರು. ತಿಂಗಳಾಗುವಷ್ಟರಲ್ಲಿ ಅಕ್ಕನನ್ನೂ ಅಳಿಯನನ್ನೂ ಕರೆದುಕೊಂಡು, ಬಾಳೆಗೊನೆ ಹೊರಿಸಿಕೊಂಡು ಮತ್ತೆ ನಮ್ಮ ಮನೆಗೆ ಬಂದರು. ಸೊರಗಿದ್ದರು, ಆದರೆ ಮಾತು ಸೊರಗಿರಲಿಲ್ಲ.

"ನೋಡಿ ಯಜಮಾನ್ರೇ," ಎಂದು ಅಪ್ಪನಿಗೆ ಹೇಳಿದರು. "ನಿಮ್ಮ ಮಗಳ ರಕ್ತ ಈಗ ನನ್ನ ಮೈಯಲ್ಲಿ ಓಡ್ತಾ ಐತೆ. ಅಂದ್ಮೇಲೆ ಅವಳು ನನ್ನ ಮಗಳೇ. ಸೋದರಮಾವನ ಮಗಳನ್ನ ತರೋದು ನಮ್ಮಲ್ಲಿ ಹಿಂದಿನಿಂದ ಬಂದಿರೋದು. ಇನ್ನು ಯೋಚನೆ ಯಾಕೆ?"

ಅಪ್ಪನ ಮುಖ ಅರಳಿತು. ಅಮ್ಮ ಆಗಲೇ ರವೆಯ ಡಬ್ಬಿ ಇಳಿಸುತ್ತಿದ್ದಳು. ನಾನು ಮುಂದೆ ಬಂದೆ.

"ರಕ್ತ ನೆಗೆಟಿವ್ ಅಲ್ವಾ, ಪರವಾಗಿಲ್ವಾ?"

"ನಂದೂ ಅದೇ ಅಲ್ವೇನಮ್ಮ. ಅರವತ್ತು ವರ್ಷ ನನಗೇನಾಗಿತ್ತು? ಅದು ಅಪರೂಪದ ರಕ್ತ ಅಂತ ಡಾಕ್ಟ್ರೇ ಹೇಳವ್ರೆ."

"ಆದ್ರೆ ಈಗ ನಾನು ನಿಮ್ಮ ಮಗಳು. ರಕ್ತಸಂಬಂಧದಲ್ಲಿ ಮದುವೆ ಆದ್ರೆ ಮಕ್ಕಳಿಗೆ ತೊಂದರೆ ಆಗಬಹುದು ಅಂತಲೂ ಡಾಕ್ಟ್ರೇ ಹೇಳ್ತಾರೆ. ನಾನೇ ಮಕ್ಕಳಿಗೆ ಪಾಠ ಮಾಡ್ತೀನಿ."

ಯಜಮಾನರು ಗಲ್ಲ ತುರಿಸಿಕೊಂಡರು. ತಾವೇ ಕಟ್ಟಿದ ಸಂಬಂಧ, ಅಲ್ಲವೆನ್ನುವಂತಿರಲಿಲ್ಲ. ನಾನು ಇನ್ನೊಂದು ಕೇಳಿದೆ. "ಇವರದು ಯಾವ ಗುಂಪು?"

ಮೂವರೂ ಮುಖ ಮುಖ ನೋಡಿಕೊಂಡರು. ಗಂಡಿನ ರಕ್ತವನ್ನು ಈವರೆಗೆ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಹುಡುಗ ಮೊದಲ ಬಾರಿಗೆ ನಮ್ಮ ಮನೆಯಲ್ಲಿ ಬಾಯಿ ಬಿಟ್ಟ. "ಮಾವ, ಅವ್ರಿಗೆ ಇಷ್ಟ ಇಲ್ಲ. ಬನ್ನಿ, ಹೋಗಣ." ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ಮದುವೆಗೆ ಅಷ್ಟು ಸಾಲದು ಎನ್ನಿಸಿತು.

ಆದರೆ ಯಜಮಾನರು ನನ್ನನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. "ಊಟ ಸರಿಯಾಗಿ ಮಾಡ್ತಿದೀಯೇನಮ್ಮ? ಮುದ್ದೆ ಬಿಡಬ್ಯಾಡ. ಸಿಕ್ಕಸಿಕ್ಕವರಿಗೆಲ್ಲ ರಕ್ತ ಕೊಡಬ್ಯಾಡ." ಒಮ್ಮೆ ನನಗೆ ಜ್ವರ ಎಂದು ಕೇಳಿ ಅರಸೀಕೆರೆಯ ಶಾಲೆಗೇ ಎಳನೀರು ಹಿಡಿದು ಬಂದಿದ್ದರು. ನನ್ನ ತಂದೆ ಕೂಡ ನನ್ನ ಜ್ವರಕ್ಕೆ ಅಷ್ಟು ಹೆದರಿದ್ದು ಕಾಣೆ.

ಹೋದ ವರ್ಷ ನಾನು ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ಮದುವೆಯಾದೆ. ಯಜಮಾನರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅಕ್ಷತೆ ಹಾಕಿ, ನನ್ನ ಗಂಡನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಟ್ರಾನ್ಸ್‌ಫರ್ ಆದ್ರೂ ಹಾಸನ ಜಿಲ್ಲೆ ಬಿಟ್ಟು ಹೋಗಲ್ಲ ತಾನೆ ಮೇಷ್ಟ್ರೇ?"